ಲಿನೋದಲ್ಲಿ ಡನ್‌ಬಾರ್: ಪಂಜರದ ಪುಟ ಮುಗಿಯಿತು

ಅಮೆರಿಕದ ಕಪ್ಪು ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಬದುಕನ್ನು ಲಿನೋಕಟ್ (ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಹಚ್ಚಿ ಅಚ್ಚೊತ್ತುವ) ಚಿತ್ರಗಳಲ್ಲಿ ಹೇಳುವ ಕಿರುಪುಸ್ತಕದ ಕೆಲಸ ಅರ್ಧ ದಾಟಿದೆ. ಲಿಫ್ಟಿನ ಪುಟ ಅಚ್ಚಾಗಿದೆ, ಗ್ರಂಥಾಲಯದ ಪುಟ ಮೊನ್ನೆ ಮುಗಿಯಿತು, ಪತ್ರಿಕೆಯ ಪುಟ ಇನ್ನೂ ಪೆನ್ಸಿಲ್ ಗೆರೆಯಲ್ಲೇ ಇದೆ. ಮುಖಪುಟಕ್ಕೆ ಈಗಷ್ಟೇ ಕೈ ಹಾಕುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಚುಟುಕಾಗಿ: ಡನ್‌ಬಾರ್ 1872ರಲ್ಲಿ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಹುಟ್ಟಿದ. ತಂದೆ ತಾಯಿ ಇಬ್ಬರೂ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ತಂದೆ ಜೋಶುವಾ ತಪ್ಪಿಸಿಕೊಂಡು ಅಂತರ್ಯುದ್ಧದಲ್ಲಿ ಸೈನಿಕನಾದ. ತಾಯಿ ಮಟಿಲ್ಡಾ ಪರರ ಬಟ್ಟೆ ಒಗೆದು ಮಗನನ್ನು ಓದಿಸಿದಳು. ಕವಿಯಾಗಿ ದೇಶವಿಡೀ ಹೆಸರಾದ ಮಗ 1906ರಲ್ಲಿ, 33ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡ.

ಲಿಫ್ಟಿನ ಪುಟ ನನಗೆ ತೃಪ್ತಿ ಕೊಟ್ಟಿದೆ. ಹೈಸ್ಕೂಲಿನಲ್ಲಿ ತನ್ನ ತರಗತಿಗೆ ಒಬ್ಬನೇ ಕಪ್ಪು ಹುಡುಗನಾಗಿದ್ದು, ಶಾಲೆಯ ಪತ್ರಿಕೆಯ ಸಂಪಾದಕನೂ ಆಗಿದ್ದವನಿಗೆ 1891ರಲ್ಲಿ ಓದು ಮುಗಿದಾಗ ಬರವಣಿಗೆಯ ಕೆಲಸ ಯಾರೂ ಕೊಡಲಿಲ್ಲ. ಸಿಕ್ಕಿದ್ದು ಕ್ಯಾಲಹನ್ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ, ವಾರಕ್ಕೆ 4 ಡಾಲರ್. ಮೊದಲ ಕವನ ಸಂಕಲನ ‘ಓಕ್ ಅಂಡ್ ಐವಿ’ ಅಚ್ಚು ಹಾಕಿಸಲು 125 ಡಾಲರ್ ಬೇಕಿತ್ತು, ಕೈಯಲ್ಲಿರಲಿಲ್ಲ. ಸಾಲದ ಮೇಲೆ ಅಚ್ಚಾದ ಪುಸ್ತಕವನ್ನು ಲಿಫ್ಟಿಗೆ ಬಂದವರಿಗೇ ಒಂದೊಂದು ಡಾಲರಿಗೆ ಮಾರಿ ಸಾಲ ತೀರಿಸಿದ. ಬಾಗಿಲಿನ ಜಾಲರಿಯನ್ನು ಸಣ್ಣ ಉಳಿಯಲ್ಲಿ ಕೆತ್ತಿದೆ. ಅದರಾಚೆಗೆ ಹ್ಯಾಟ್ ಹಾಕಿದ ಗಿರಾಕಿ, ಈಚೆಗೆ ಪುಸ್ತಕ ಹಿಡಿದ ಒಂದು ಕೈ, ಅಷ್ಟೇ. ಮುಖ ಬೇಡ ಎನಿಸಿತು.

ಹೆಚ್ಚು ಸಮಯ ತಿಂದದ್ದು ಗ್ರಂಥಾಲಯದ ಪುಟ. ಡನ್‌ಬಾರ್ ಎಂದರೆ ಎಲ್ಲರಿಗೂ ನೆನಪಾಗುವುದು 1899ರ ಸಂಕಲನದಲ್ಲಿ ಬಂದ ‘ಸಿಂಪತಿ’ ಪದ್ಯದ ಪಂಜರದ ಹಕ್ಕಿ. ಲೇಖಕಿ ಮಾಯಾ ಏಂಜೆಲೋ ತನ್ನ ಆತ್ಮಕಥೆಗೆ ಹೆಸರು ಎತ್ತಿಕೊಂಡದ್ದು ಇದರಿಂದಲೇ. ಹಾಗಾಗಿ ಪಂಜರ, ಕೊಕ್ಕು, ರೆಕ್ಕೆ ಎಂದು ಬಿಡಿಸುವುದು ಸಲೀಸು. ಶುಭಾಶಯ ಪತ್ರಗಳ ಮೇಲೆ ಅಂಥ ಹಕ್ಕಿಗಳು ಬೇಕಾದಷ್ಟಿವೆ. ನನ್ನ ಬ್ಲಾಕಿನಲ್ಲಿ ಹಕ್ಕಿಯೇ ಇಲ್ಲ.

ಕಾರಣ ಇದು. 1897ರಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಡನ್‌ಬಾರ್‌ಗೆ ಸಹಾಯಕನ ಕೆಲಸ ಸಿಕ್ಕಿತು. ಪುಸ್ತಕದ ಕಪಾಟುಗಳ ಸಾಲಿಗೆ ಕಬ್ಬಿಣದ ಜಾಲರಿ. ಬೇಸಿಗೆಯ ಬಿಸಿಲು ಅಂಗಳಕ್ಕೆ ಸುರಿದು ಜಾಲರಿ ಕಾಯುತ್ತಿತ್ತು. ಕವಿಯ ಪಾಲಿಗೆ ಬಂದದ್ದು ವೈದ್ಯಕೀಯ ಗ್ರಂಥಗಳು, ಅವುಗಳ ಒಣ ಧೂಳು ಗಂಟಲನ್ನು ಕೆರೆಯುತ್ತಿತ್ತು. ಆ ಜಾಲರಿಯೇ ಅವನಿಗೆ ಪಂಜರದ ಸರಳುಗಳನ್ನು ಸೂಚಿಸಿತೆಂದು ಹೆಂಡತಿ ಆಲಿಸ್, ತಾನೂ ಲೇಖಕಿ, 1914ರಲ್ಲಿ ಬರೆದಳು. ಮೊದಲೇ ಬಡವಾಗಿದ್ದ ಆರೋಗ್ಯಕ್ಕೆ ಆ ಧೂಳು ಒಗ್ಗಲಿಲ್ಲ, 1898ರ ಕೊನೆಗೆ ಕೆಲಸ ಬಿಟ್ಟ. ನಾಲ್ಕು ಡಾಲರಿನ ಲಿಫ್ಟಾದರೂ, ಸರ್ಕಾರಿ ಗ್ರಂಥಾಲಯವಾದರೂ, ಹೊಟ್ಟೆಪಾಡಿಗೆ ಅವನು ನಿಂತದ್ದು ಕಬ್ಬಿಣದ ಹಿಂದೆ. ಎರಡೂ ಪುಟಗಳನ್ನು ಎದುರುಬದುರು ಇಡುತ್ತಿದ್ದೇನೆ.

ಕೆತ್ತುವಾಗ ಸರಳುಗಳನ್ನು ಕಪ್ಪಾಗಿಯೇ ಬಿಟ್ಟೆ, ಸಂದುಗಳನ್ನಷ್ಟೇ ತೆಗೆದೆ. ಲಿನೋ ಗಟ್ಟಿಯಾಗಿತ್ತು. ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟ ಮೇಲೆ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಧೂಳಿಗೆ ಮರಳುಕಾಗದದಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿದೆ. ರೋಲರಿನಲ್ಲಿ ಶಾಯಿ ತೆಳುವಾಗಿ ಹಚ್ಚಿ, ಕಾಗದ ಹೊದಿಸಿ, ಮರದ ಸೌಟಿನ ಬೆನ್ನಿನಿಂದ ತಿಕ್ಕಿ ಎತ್ತಿದಾಗ ಆ ಗೀರುಗಳು ಬೂದು ಬಣ್ಣದ ಪುಡಿಯಾಗಿ ಮೂಡಿವೆ. ಅಚ್ಚಿನಲ್ಲಿ ಎಡಬಲ ತಿರುಗುವುದರಿಂದ ಬಿಸಿಲು ಬೀಳುವ ದಿಕ್ಕನ್ನು ಕನ್ನಡಿ ಹಿಡಿದೇ ಬಿಡಿಸಿದ್ದೆ.

ಪತ್ರಿಕೆಯ ಪುಟದ ವಿಷಯ ಸ್ವಾರಸ್ಯವಾಗಿದೆ. ವಿಮಾನದ ಆರ್ವಿಲ್ ರೈಟ್ ಡನ್‌ಬಾರ್‌ನ ಸಹಪಾಠಿ. ಡೇಟನ್ನಿನ ಕಪ್ಪು ಜನರಿಗಾಗಿ 1890ರಲ್ಲಿ ಡನ್‌ಬಾರ್ ತಂದ ‘ಡೇಟನ್ ಟ್ಯಾಟ್ಲರ್’ ಅಚ್ಚಾದದ್ದು ರೈಟ್ ಸಹೋದರರ ಮುದ್ರಣಾಲಯದಲ್ಲಿ. ಹಣವಿಲ್ಲದೆ ಅದು ಬೇಗ ನಿಂತುಹೋಯಿತು. ವಿಮಾನ ಬಿಡಿಸುವ ಆಸೆಯಾಗುತ್ತದೆ, ಬಿಡಿಸುವುದಿಲ್ಲ. ಆ ಪುಟದಲ್ಲಿ ಅವರು ಮುದ್ರಕರು ಮಾತ್ರ.

ಇನ್ನು ಮುಖಪುಟ, ಅಲ್ಲಿ ಬರುವುದು ಡನ್‌ಬಾರ್‌ನ ಭಾವಚಿತ್ರ. 1896ರ ಜೂನ್ 27ರಂದು, ಡನ್‌ಬಾರ್‌ಗೆ 24 ತುಂಬಿದ ದಿನವೇ, ‘ಹಾರ್ಪರ್ಸ್ ವೀಕ್ಲಿ’ ವಾರಪತ್ರಿಕೆಯಲ್ಲಿ ಆ ಕಾಲದ ಹೆಸರಾಂತ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್ ಅವನ ಎರಡನೆಯ ಸಂಕಲನದ ವಿಮರ್ಶೆ ಬರೆದ. ಒಳಗಿದ್ದ ಕವಿಯ ಭಾವಚಿತ್ರದ ಬಗ್ಗೆಯೂ ಮಾತಾಡಿದ. ಹೊಗಳಿದ್ದು ಮುಖ್ಯವಾಗಿ ಕಪ್ಪು ಜನರ ಆಡುನುಡಿಯ ಪದ್ಯಗಳನ್ನು. ಕೀರ್ತಿ ಬಂತು, ಅದರ ಬೆನ್ನಿಗೇ ಸಂಪಾದಕರೆಲ್ಲ ಅಂಥವನ್ನೇ ಕೇಳತೊಡಗಿದರು. ಆ ಮೆಚ್ಚುಗೆಯಿಂದ ತನಗೆ ಸರಿಪಡಿಸಲಾಗದ ಹಾನಿಯಾಯಿತೆಂದು ಡನ್‌ಬಾರ್ ಮರುವರ್ಷವೇ ಪತ್ರವೊಂದರಲ್ಲಿ ನೊಂದುಕೊಂಡ. ನನಗೂ ಹೊವೆಲ್ಸ್ ಮೇಲೆ ಸಿಟ್ಟಿದೆ, ಆದರೆ ಅವನಿಲ್ಲದಿದ್ದರೆ ಡನ್‌ಬಾರ್ ಡೇಟನ್ ಆಚೆಗೆ ಅಷ್ಟು ಬೇಗ ಹೋಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಭಾವಚಿತ್ರದ ತೊಡಕು ಕೆತ್ತನೆಯದು. ಹೊರಗೆರೆ ಉಳಿಸಿ ಉಳಿದದ್ದನ್ನು ತೆಗೆಯುವ ವಾಡಿಕೆಯ ಕ್ರಮದಲ್ಲಿ ಮುಖ ಬೆಳ್ಳಗಾಗಿಬಿಡುತ್ತದೆ. ಡನ್‌ಬಾರ್‌ಗೆ ಅದು ಸಲ್ಲದು. ಮುಖವನ್ನು ಪೂರ್ತಿ ಕಪ್ಪಿಗೆ ಬಿಟ್ಟು ಹಣೆ, ಮೂಗಿನ ಏಣು, ಕಣ್ಣಂಚುಗಳಿಗೆ ಮಾತ್ರ ಬಿಳಿ ಗೆರೆ ಕೊಡುವುದೆಂದು ತೀರ್ಮಾನಿಸಿದ್ದೇನೆ. ಮಳೆಗಾಲದಲ್ಲಿ ಎಣ್ಣೆ ಶಾಯಿ ಒಣಗುವುದು ತಡ, ಆದ್ದರಿಂದ ಮೊದಲು ಸಣ್ಣ ತುಂಡಿನಲ್ಲಿ ಕಣ್ಣುಗಳನ್ನಷ್ಟೇ ಕೆತ್ತಿ ನೋಡುತ್ತೇನೆ.