1961ರಿಂದ ಶುರುವಾದ ಪತ್ರ

ಪತ್ರ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೇ ಅಪ್ಪ ಮಗ ಅರ್ಧ ರಾತ್ರಿ ಜಗಳ ಆಡಿದರು. ಟೈಪ್ ಮಾಡೋಕೆ ಕೂತವನು ನಾನು. ಮಗ "ಇವತ್ತಿಂದ ಬರಿ" ಅಂದ. ಅಪ್ಪ "1961ರಿಂದ ಬರಿ" ಅಂದರು.

2009ರ ಡಿಸೆಂಬರ್ 27, ಭಾನುವಾರ. ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ಊರು. ಕ್ರಿಸ್‌ಮಸ್‌ಗೆ ಸುರಿದ ಹಿಮ ಇನ್ನೂ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿತ್ತು. ನನ್ನ ಹೆಂಡತಿ ಊರಿಗೆ ಹೋಗಿದ್ದಳು. ಒಬ್ಬನೇ ಏನು ಮಾಡ್ತೀಯ, ಊಟಕ್ಕೆ ಬಾ ಅಂತ ಆಫೀಸಿನ ಗೆಳೆಯ ಕರೆದಿದ್ದ. ಅವನು ಹ್ಮಾಂಗ್, ಅಂದರೆ ವಿಯೆಟ್ನಾಂ ಪಕ್ಕದ ಲಾವೋಸ್ ದೇಶದ ಬೆಟ್ಟಗಳಿಂದ ಬಂದ ಜನಾಂಗದವನು. ಈ ಊರಲ್ಲಿ ಹ್ಮಾಂಗ್ ಜನ ಜಾಸ್ತಿ. ಶನಿವಾರದ ರೈತರ ಸಂತೆಯಲ್ಲಿ ಹಾಗಲಕಾಯಿ, ಉದ್ದ ಅಲಸಂದೆ, ಸೊಪ್ಪು ಸಿಗೋದು ಅವರ ಹತ್ತಿರವೇ. ನಮ್ಮಂಥ ಕನ್ನಡದವರ ಅಡುಗೆಮನೆ ಬೇಸಿಗೆಯಲ್ಲಿ ನಡೆಯೋದೇ ಅವರಿಂದ. ನಮ್ಮ ಗೋತ್ರದ ಹಾಗೆ ಅವರಿಗೂ ಕುಲಗಳಿವೆ, ಒಂದೇ ಕುಲದೊಳಗೆ ಮದುವೆ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಇವರು ಇಲ್ಲಿಗೆ ಯಾಕೆ ಬಂದರು ಅಂತ ಕೇಳುವ ಸಂದರ್ಭ ಬಂದಿರಲಿಲ್ಲ.

ನಾನು ಹೋಗುವಾಗ ಮನೆ ಊಟದ ಮನಸ್ಥಿತಿಯಲ್ಲಿ ಇರಲಿಲ್ಲ. ಅವನ ತಾಯಿ ಫೋನ್ ಹಿಡಿದು ಸೋಫಾ ಮೇಲೆ ಕೂತಿದ್ದರು. ನಂಬರ್ ಒತ್ತೋದು, ಕಿವಿಗೆ ಇಡೋದು, ಕೆಳಗೆ ಇಡೋದು. ಥಾಯ್ಲೆಂಡಿನ ಫೆಚ್ಚಬೂನ್ ಪ್ರಾಂತ್ಯದಲ್ಲಿ ಹುಯೆ ನಾಮ್ ಖಾವ್ ಅನ್ನೋ ಕಡೆ ಒಂದು ಶಿಬಿರ. ಲಾವೋಸ್‌ನಿಂದ ಓಡಿ ಬಂದ ನಾಲ್ಕು ಸಾವಿರಕ್ಕೂ ಜಾಸ್ತಿ ಹ್ಮಾಂಗ್ ಜನ ಅಲ್ಲಿದ್ದರು. ಆ ತಾಯಿಯ ತಂಗಿಯ ಸಂಸಾರವೂ ಅಲ್ಲೇ. ಥಾಯ್ಲೆಂಡ್ ನಮಗಿಂತ 13 ಗಂಟೆ ಮುಂದೆ. ಅಲ್ಲಿ ಆಗಲೇ ಸೋಮವಾರ ಬೆಳಗಾಗಿತ್ತು. ಸೈನ್ಯ ಶಿಬಿರದೊಳಗೆ ನುಗ್ಗಿ ಜನರನ್ನು ವಾಹನಗಳಿಗೆ ಹತ್ತಿಸುತ್ತಿತ್ತು. ಮೊಬೈಲ್ ಸಿಗ್ನಲ್ ಕಡಿದಿದ್ದರು. ಪತ್ರಕರ್ತರನ್ನು ದೂರದಲ್ಲೇ ತಡೆದಿದ್ದರು. ಎಲ್ಲರನ್ನೂ ವಾಪಸ್ ಲಾವೋಸ್‌ಗೆ ಕಳಿಸ್ತಾರಂತೆ.

"ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಟೈಪಿಂಗೂ ಸ್ಪೀಡು. ನಮ್ಮ ಕಾಂಗ್ರೆಸ್ ಸದಸ್ಯರಿಗೆ ಒಂದು ಪತ್ರ ಮಾಡಿಕೊಡು" ಅಂದ ಗೆಳೆಯ. ಕಾಂಗ್ರೆಸ್ ಅಂದರೆ ಇಲ್ಲಿನ ಸಂಸತ್ತು. ಹಬ್ಬದ ರಜೆಯ ಭಾನುವಾರ ರಾತ್ರಿ ಯಾರು ಓದ್ತಾರೆ? ಆದರೂ ಕೈಕಟ್ಟಿ ಕೂರೋಕೆ ಆಗಲ್ವಲ್ಲ. ಅಪ್ಪ ಹ್ಮಾಂಗ್ ಭಾಷೆಯಲ್ಲಿ ಹೇಳೋದು, ಮಗ ಇಂಗ್ಲಿಷಿಗೆ ತರೋದು, ನಾನು ಕುಟ್ಟೋದು ಅಂತಾಯಿತು.

ಮಗನ ಲೆಕ್ಕ ಸರಳ. ಒಂದೇ ಪುಟ. ಇಷ್ಟು ಜನ, ಇಂಥ ಜಾಗ, ತಕ್ಷಣ ನಿಲ್ಲಿಸಿ. ಓದೋನಿಗೆ ಒಂದು ನಿಮಿಷ ಸಾಕು.

ಅಪ್ಪ ಒಪ್ಪಲೇ ಇಲ್ಲ. ಅವರು ಹದಿನಾಲ್ಕನೇ ವಯಸ್ಸಿಗೆ ಬಂದೂಕು ಹಿಡಿದವರು. 1961ರ ಆರಂಭದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಬಿಲ್ ಲೇರ್ ಲಾವೋಸ್ ಬೆಟ್ಟಗಳಿಗೆ ಬಂದು ಹ್ಮಾಂಗ್ ಸೇನಾಧಿಕಾರಿ ವಾಂಗ್ ಪಾವ್ ಜೊತೆ ಮಾತಾಡಿದ. ನಾವು ಬಂದೂಕು ಕೊಡ್ತೀವಿ, ಅಕ್ಕಿ ಕೊಡ್ತೀವಿ, ನೀವು ಕಮ್ಯುನಿಸ್ಟರನ್ನು ತಡೀರಿ ಅನ್ನೋದು ಒಪ್ಪಂದ. 1962ರಲ್ಲಿ ಜಿನೀವಾದಲ್ಲಿ ಲಾವೋಸ್ ತಟಸ್ಥ ದೇಶ, ಅಲ್ಲಿಗೆ ಯಾರೂ ಸೈನ್ಯ ತರಬಾರದು ಅಂತ ಅಮೆರಿಕವೂ ಸಹಿ ಹಾಕಿತು. ಹಾಗಾಗಿ ಯುದ್ಧ ನಡೆದಿದ್ದು ಗುಟ್ಟಾಗಿ. ಲಾಂಗ್ ಚೆಂಗ್ ಅನ್ನೋ ಕಣಿವೆಯಲ್ಲಿ ವಿಮಾನ ನಿಲ್ದಾಣ ಎದ್ದಿತು. ಮೇಲಿಂದ ಬಿದ್ದ ಅಮೆರಿಕನ್ ಪೈಲಟ್‌ಗಳನ್ನು ಹುಡುಕಿ ತಂದವರು ಹ್ಮಾಂಗ್ ಹುಡುಗರು. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿಯಿತು.

"ಇದೆಲ್ಲ ಅವರಿಗೆ ಗೊತ್ತಿರುತ್ತೆ ಅಪ್ಪ" ಅಂದ ಮಗ.

ಅಪ್ಪ ನನ್ನ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಅಂತ ಕೇಳಿದರು. ವಿಯೆಟ್ನಾಂ ಗೊತ್ತು, ಇದು ಗೊತ್ತಿಲ್ಲ ಅಂದೆ. ಮಗನ ವಾದ ಅಲ್ಲಿಗೆ ಸ್ವಲ್ಪ ಸಡಿಲವಾಯಿತು.

ಗೋಡೆ ಮೇಲೆ ಒಂದು ಕಸೂತಿ ಬಟ್ಟೆ ತೂಗುಹಾಕಿದ್ದರು. ಆ ತಾಯಿ ಥಾಯ್ಲೆಂಡಿನ ಬಾನ್ ವಿನಾಯ್ ಶಿಬಿರದಲ್ಲಿ ಹೊಲಿದದ್ದು. ನೀಲಿ ಬಟ್ಟೆ ಮೇಲೆ ಬೆಟ್ಟ, ವಿಮಾನ, ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸರು. ಕೆಳಗೆ ಅಡ್ಡಲಾಗಿ ಮೆಕಾಂಗ್ ನದಿ, ಬಿದಿರಿನ ಕಟ್ಟು ಹಿಡಿದು ಈಜುವ ಪುಟ್ಟ ಪುಟ್ಟ ಜನ. ದಡದಿಂದ ಸೈನಿಕರು ಗುಂಡು ಹಾರಿಸುತ್ತಿದ್ದಾರೆ. 1975ರ ಮೇ ತಿಂಗಳಲ್ಲಿ, ಕಮ್ಯುನಿಸ್ಟರ ಕೈ ಮೇಲಾದಾಗ, ವಾಂಗ್ ಪಾವ್ ಲಾಂಗ್ ಚೆಂಗ್‌ನಿಂದ ವಿಮಾನದಲ್ಲಿ ಹೊರಟುಹೋದರು. ಹಾಗೆ ಹೋಗೋಕೆ ಆಗಿದ್ದು ಎರಡೂವರೆ ಸಾವಿರ ಜನಕ್ಕೆ ಮಾತ್ರ. ಸಾವಿರಾರು ಜನ ರನ್‌ವೇ ಪಕ್ಕ ಮೂಟೆ ಕಟ್ಟಿಕೊಂಡು ಇನ್ನೊಂದು ವಿಮಾನ ಬರುತ್ತೆ ಅಂತ ಕಾದರು. ಈ ಗಂಡ ಹೆಂಡತಿಯೂ ಕಾದವರೇ. ಆಮೇಲೆ ಕಾಡು, ನದಿ, ಶಿಬಿರ. ನನ್ನ ಗೆಳೆಯ ಹುಟ್ಟಿದ್ದೇ ಆ ಶಿಬಿರದಲ್ಲಿ.

ನದಿ ದಾಟದವರ ಕತೆ ಇನ್ನೂ ಕಷ್ಟ. ಲಾವೋಸ್‌ನ ಅತಿ ಎತ್ತರದ ಬೆಟ್ಟ ಫೂ ಬಿಯಾದ ಸುತ್ತಲ ಕಾಡಿನಲ್ಲಿ ಹಳೇ ಸೈನಿಕರು, ಅವರ ಮಕ್ಕಳು, ಮೊಮ್ಮಕ್ಕಳು ದಶಕಗಳ ಕಾಲ ಅಡಗಿ ಬದುಕಿದರು. ಗೆಡ್ಡೆ ಅಗೆದು ತಿಂದು, ಹೊಗೆ ಕಾಣಿಸದ ಹಾಗೆ ಒಲೆ ಹಚ್ಚಿ, ಸೈನ್ಯ ಬಂದಾಗಲೆಲ್ಲ ಜಾಗ ಬದಲಿಸಿ. 2003ರಲ್ಲಿ ಇಬ್ಬರು ಯುರೋಪಿನ ಪತ್ರಕರ್ತರು ಅವರನ್ನು ನೋಡೋಕೆ ಹೋದರು. ಹೊರಬಂದ ಮೇಲೆ ಲಾವೋಸ್ ಅವರಿಗೆ 15 ವರ್ಷ ಜೈಲು ಹಾಕಿ, ಜಗತ್ತು ಗದ್ದಲ ಎಬ್ಬಿಸಿದ ಮೇಲೆ ಬಿಟ್ಟಿತು. ಪತ್ರಕರ್ತರಿಗೆ ಗದ್ದಲ ಎಬ್ಬಿಸೋ ದೇಶಗಳಿದ್ದವು.

ಇಲ್ಲಿ ಒಂದು ಮಾತು ನಾನೇ ಸೇರಿಸಬೇಕು, ಆ ಪತ್ರದಲ್ಲಿ ಇರಲಿಲ್ಲ. ಎಲ್ಲ ಹ್ಮಾಂಗ್ ಜನರೂ ಅಮೆರಿಕದ ಕಡೆ ಇರಲಿಲ್ಲ. ಕಮ್ಯುನಿಸ್ಟರ ಜೊತೆ ನಿಂತವರೂ ಇದ್ದರು, ಅವರ ಪೈಕಿ ಕೆಲವರು ಮುಂದೆ ದೊಡ್ಡ ಹುದ್ದೆಗೂ ಏರಿದರು. 2003ರಲ್ಲಿ ಹೆದ್ದಾರಿಯಲ್ಲಿ ಬಸ್ಸುಗಳ ಮೇಲೆ ದಾಳಿಯಾಗಿ ಸಾಮಾನ್ಯ ಜನ ಸತ್ತರು. ಅದು ಹ್ಮಾಂಗ್ ಬಂಡುಕೋರರದ್ದೇ ಕೆಲಸ ಅಂತ ಲಾವೋಸ್ ಸರ್ಕಾರ ಹೇಳಿತು. ಇದನ್ನ ಆ ರಾತ್ರಿ ಯಜಮಾನರ ಮುಂದೆ ಎತ್ತೋ ಧೈರ್ಯ ನನಗಿರಲಿಲ್ಲ. ಆದರೆ ಯಾರೋ ಬಸ್ಸಿಗೆ ಗುಂಡು ಹೊಡೆದರು ಅಂತ ಕಾಡಲ್ಲಿ ಹುಟ್ಟಿದ ಮಗುವಿಗೆ ಶಿಕ್ಷೆ ಕೊಡೋಕಾಗಲ್ಲ, ಅಲ್ವಾ?

ಶಿಬಿರದವರು ಹೊಟ್ಟೆಪಾಡಿಗೆ ನುಸುಳಿ ಬಂದವರು, ನಿರಾಶ್ರಿತರಲ್ಲ ಅನ್ನೋದು ಥಾಯ್ಲೆಂಡಿನ ವಾದ. ನಾಲ್ಕು ಸಾವಿರ ಜನರಲ್ಲಿ ಅಂಥವರೂ ಇದ್ದಿರಬಹುದು. ಅದನ್ನ ನೋಡಿ ಹೇಳೋಕೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಇದೆ. ಅವರನ್ನ ಒಳಗೇ ಬಿಡಲಿಲ್ಲ. ಥಾಯ್ಲೆಂಡೇ ಒಂದು ವಿಚಾರಣೆ ನಡೆಸಿತು, ಅದರ ಫಲಿತಾಂಶ ಹೊರಗೆ ಹಾಕಲಿಲ್ಲ. ಅಲ್ಲಿ ಔಷಧಿ, ಊಟ ನೋಡಿಕೊಳ್ಳುತ್ತಿದ್ದ 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಸೈನ್ಯದ ಒತ್ತಡ ಸಾಕಾಗಿ ಆ ವರ್ಷದ ಮೇ ತಿಂಗಳಲ್ಲೇ ಹೊರಟುಹೋಗಿತ್ತು. ಇನ್ನು ನೋಂಗ್ ಖಾಯ್ ಊರಲ್ಲಿ ಬಂಧನದಲ್ಲಿದ್ದ 158 ಜನ. ಇವರು ನಿರಾಶ್ರಿತರು ಅಂತ ವಿಶ್ವಸಂಸ್ಥೆ ಒಪ್ಪಿತ್ತು. ಕರೆಸಿಕೊಳ್ತೀವಿ ಅಂತ ಹೊರದೇಶಗಳೂ ಹೇಳಿದ್ದವು. ಅವರನ್ನೂ ಅವತ್ತೇ ಕಳಿಸಿದರು. ನನಗೆ ಇವತ್ತಿಗೂ ಸಿಟ್ಟು ಬರೋದು ಈ 158ರ ವಿಷಯಕ್ಕೆ. ಕಾಗದ ಇಲ್ಲದವರಿಗೆ ಕಾಗದ ಇಲ್ಲ ಅಂದಿರಿ. ಇವರಿಗೆ?

ನಡುವೆ ಊಟ ಬಂತು. ಬಿಸಿ ಅಂಟನ್ನ, ಬೇಯಿಸಿದ ಸಾಸಿವೆ ಸೊಪ್ಪು, ಹಸಿಮೆಣಸಿನಕಾಯಿ ಕೊತ್ತಂಬರಿ ಕುಟ್ಟಿದ ಖಾರ. ನಾನು ಮಾಂಸ ತಿನ್ನಲ್ಲ ಅಂತ ಆ ತಾಯಿಗೆ ಅಂಥ ಹೊತ್ತಲ್ಲೂ ನೆನಪಿತ್ತು.

ನಿಮ್ಮ ದೇಶಕ್ಕೆ ಯಾರಾದರೂ ಹೀಗೆ ಓಡಿ ಬಂದಿದ್ದಾರಾ ಅಂತ ಯಜಮಾನರು ಕೇಳಿದರು. ನಾನು ಕುಶಾಲನಗರದವನು. ಪಕ್ಕದ ಬೈಲುಕುಪ್ಪೆಯಲ್ಲಿ ಟಿಬೆಟಿನವರು 1960ರ ದಶಕದಿಂದ ಇದ್ದಾರೆ, ಸರ್ಕಾರ ಜಮೀನು ಕೊಟ್ಟಿತು, ಜೋಳ ಬೆಳೀತಾರೆ ಅಂದೆ. "ವಾಪಸ್ ಕಳಿಸಬಾರದು ಅಂತ ನಿಮ್ಮಲ್ಲಿ ಕಾನೂನು ಇದೆಯಾ?" ಅಂದರು. ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಥಾಯ್ಲೆಂಡ್ ಸಹಿ ಹಾಕಿಲ್ಲ, ಲಾವೋಸ್ ಹಾಕಿಲ್ಲ, ಭಾರತವೂ ಹಾಕಿಲ್ಲ. ಬೈಲುಕುಪ್ಪೆ ನಡೆದಿರೋದು ಸರ್ಕಾರಗಳ ಮನಸ್ಸಿನ ಮೇಲೆ. ಅವರು ಮುಂದೆ ಏನೂ ಕೇಳಲಿಲ್ಲ.

ಪತ್ರ ಕೊನೆಗೆ ಎರಡು ಪುಟ ಆಯಿತು. ಮೊದಲನೇದು ಅಪ್ಪನದು, ಎರಡನೇದು ಮಗನದು. "ಇವತ್ತಿಂದ ಶುರು ಮಾಡಿದರೆ ನಾವು ಬೇಡ್ತಾ ಇದ್ದೀವಿ ಅನ್ಸುತ್ತೆ. ನಾವು ಕೊಟ್ಟಿದ್ದನ್ನ ವಾಪಸ್ ಕೇಳ್ತಾ ಇರೋದು" ಅಂದರು ಅಪ್ಪ. ಒಂದು ಪುಟ ಜಾಸ್ತಿಯಾದರೂ ಪರವಾಗಿಲ್ಲ ಅನ್ನಿಸಿತು ನನಗೆ. ಕೆಳಗೆ ನನ್ನ ಹೆಸರೂ ಹಾಕು ಅಂದರು. ನಾನು ವೀಸಾ ಮೇಲೆ ಇರೋನು, ವೋಟಿಲ್ಲ ಅಂದೆ. ಟೈಪ್ ಮಾಡಿದೋನು ಅಂತ ಹಾಕು ಅಂದರು. ಹಾಕಿದೆ.

ಸೋಮವಾರ ಬೆಳಿಗ್ಗೆ ಖಾಲಿ ಆಫೀಸಿನಿಂದ ಫ್ಯಾಕ್ಸ್ ಕಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಮೆರಿಕ ಸರ್ಕಾರ, ವಿಶ್ವಸಂಸ್ಥೆ ಎಲ್ಲ ಬೇಡ ಅಂದಿದ್ದರೂ ಒಂದೇ ದಿನದಲ್ಲಿ ಶಿಬಿರ ಬರಿದಾಗಿತ್ತು. 'ನಿಲ್ಲಿಸಿ' ಅನ್ನೋ ಸಾಲನ್ನು ಗೆಳೆಯ ಪೆನ್ನಿನಲ್ಲಿ ಹೊಡೆದು ಹಾಕಿದ. ಅದರ ಮೇಲೆ 'ವಿಶ್ವಸಂಸ್ಥೆಯವರು ಹೋಗಿ ನೋಡುವಂತೆ ಮಾಡಿ' ಅಂತ ಬರೆದ. ಕೆಲವು ವಾರದ ಮೇಲೆ ನಿಮ್ಮ ಕಾಳಜಿಗೆ ಧನ್ಯವಾದ ಅನ್ನೋ ಅಚ್ಚಿನ ಉತ್ತರ ಬಂತು.

ವಾಪಸ್ ಹೋದವರಲ್ಲಿ ತುಂಬ ಜನರನ್ನು ಬೊಲಿಖಾಮ್‌ಸಾಯ್ ಪ್ರಾಂತ್ಯದ ಫೋನ್‌ಖಾಮ್ ಅನ್ನೋ ಹೊಸ ಹಳ್ಳಿಯಲ್ಲಿ ಇಟ್ಟರು. ಹೊರದೇಶದ ಅಧಿಕಾರಿಗಳನ್ನು ಸರ್ಕಾರದವರೇ ಜೊತೆಗಿದ್ದು ಕರೆದುಕೊಂಡು ಹೋಗಿ ತೋರಿಸಿದರು. ಗೆಳೆಯನ ಚಿಕ್ಕಮ್ಮನ, ಅಂದರೆ ಆ ತಾಯಿಯ ತಂಗಿಯ, ಫೋನ್ ಬಂದಿದ್ದು ಬೇಸಿಗೆಯಲ್ಲಿ. ಮನೆ ಕೊಟ್ಟಿದ್ದಾರೆ, ಅಕ್ಕಿ ಕೊಡ್ತಾರೆ, ಚೆನ್ನಾಗಿದ್ದೀವಿ ಅಂದರಂತೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಅಕ್ಕ ಕೇಳಿದರು. ಚೆನ್ನಾಗಿದ್ದೀವಿ ಅಂತ ಇನ್ನೊಮ್ಮೆ ಹೇಳಿ ಇಟ್ಟುಬಿಟ್ಟರಂತೆ. ಇದನ್ನ ನನಗೆ ಗೆಳೆಯ ಹೇಳಿದ್ದು ಆಫೀಸಿನ ಕ್ಯಾಂಟೀನಿನಲ್ಲಿ. ಸಂಜೆ ಬಿಡುವಿದ್ದರೆ ಮನೆಗೆ ಬಾ, ಅಪ್ಪ ಈ ಸಲ ಜಿನೀವಾಕ್ಕೆ ಬರೀಬೇಕು ಅಂತಿದ್ದಾರೆ ಅಂದ.