ಟೀಗಿಂತ ಮುಂಚೆ ಕಾಕಂಬಿ: ಅಮೆರಿಕದ ಜನ ಬ್ರಿಟಿಷರ ಮೇಲೆ ತಿರುಗಿಬಿದ್ದ ಕತೆ

ಸ್ಕೂಲಲ್ಲಿ ನಮ್ಗೆಲ್ಲ ಒಂದೇ ಉಸಿರಲ್ಲಿ ಹೇಳ್ಕೊಟ್ಟಿದ್ದು ಇಷ್ಟೇ, ಬ್ರಿಟಿಷರು ಟೀ ಮೇಲೆ ತೆರಿಗೆ ಹಾಕಿದ್ರು, ಬಾಸ್ಟನ್ ಜನ ಸಿಟ್ಟಿಗೆದ್ದು ಟೀನ ಸಮುದ್ರಕ್ಕೆ ಸುರಿದ್ರು, ಅಮೆರಿಕ ಸ್ವತಂತ್ರ ಆಯ್ತು. ಆದ್ರೆ 1773ರ ಟೀ ಕಾನೂನಿಂದ ಅಮೆರಿಕದಲ್ಲಿ ಟೀ ರೇಟು ಏರ್ತಿರ್ಲಿಲ್ಲ, ಇಳೀತಿತ್ತು! ಅಗ್ಗದ ಟೀ ಮನೆ ಬಾಗಿಲಿಗೆ ಬಂದ್ರೆ ಯಾಕೆ ಸುರಿದ್ರು ಅಂತ ಕೇಳ್ಕೊಂಡ್ರೆ ನೂರು ವರ್ಷ ಹಿಂದಕ್ಕೆ ಹೋಗ್ಬೇಕಾಗುತ್ತೆ, ಅಲ್ಲಿಂದ ಶುರು ಮಾಡ್ತೀನಿ.

1651ರಲ್ಲಿ ಒಂದ್ಸಲ, ಆಮೇಲೆ 1660, 1663ರಲ್ಲಿ ಇನ್ನೂ ಬಿಗಿಯಾಗಿ, ಇಂಗ್ಲೆಂಡಿನ ಪಾರ್ಲಿಮೆಂಟು ನ್ಯಾವಿಗೇಶನ್ ಆಕ್ಟ್ ಅನ್ನೋ ಕಾನೂನುಗಳನ್ನ ತಂತು. ಲೆಕ್ಕ ಸಿಂಪಲ್. ಕಾಲೊನಿಗಳ ಸರಕು ಇಂಗ್ಲಿಷ್ ಹಡಗಲ್ಲೇ ಹೋಗ್ಬೇಕು, ಹೊಗೆಸೊಪ್ಪು, ಸಕ್ಕರೆ, ಹತ್ತಿ, ನೀಲಿ ಇಂಥ ಕೆಲವು ಮಾಲನ್ನ ಇಂಗ್ಲೆಂಡಿಗೆ ಇಲ್ಲಾಂದ್ರೆ ಅದರದೇ ಇನ್ನೊಂದು ಕಾಲೊನಿಗೆ ಬಿಟ್ಟು ಬೇರೆ ಯಾರಿಗೂ ಮಾರಂಗಿಲ್ಲ, ಯೂರೋಪಿಂದ ಏನೇ ತರಿಸ್ಕೊಂಡ್ರೂ ಹೆಚ್ಚುಕಮ್ಮಿ ಎಲ್ಲಾ ಮೊದ್ಲು ಇಂಗ್ಲೆಂಡಿನ ಬಂದರಲ್ಲಿ ಇಳಿದು ಅಲ್ಲಿ ಸುಂಕ ಕಟ್ಟಿ ಆಮೇಲೆ ಬರ್ಬೇಕು. ಅಂದ್ರೆ ಬೆಳೆಯೋದು ನೀವು, ಸಾಗಿಸೋರು ಮಾರೋರು ರೇಟ್ ಹೇಳೋರು ನಾವು. ವರ್ಜೀನಿಯಾದ ಹೊಗೆಸೊಪ್ಪಿನ ಜಮೀನ್ದಾರ್ರು ಲಂಡನ್ ದಲ್ಲಾಳಿಗಳ ಹತ್ರ ಸಾಲದಲ್ಲಿ ಮುಳುಗ್ತಿದ್ದಿದ್ದು ಹೀಗೇನೇ, ಜಾರ್ಜ್ ವಾಷಿಂಗ್ಟನ್ ಕೂಡ ಅದರಲ್ಲಿ ಒಬ್ಬ. 1732ರಲ್ಲಿ ಟೋಪಿಗೂ ಒಂದು ಕಾನೂನು ಬಂತು, ಒಂದು ಕಾಲೊನಿಯಲ್ಲಿ ಮಾಡಿದ ಟೋಪಿನ ಪಕ್ಕದ ಕಾಲೊನಿಗೆ ಮಾರೋಹಾಗಿಲ್ಲ. 1750ರಲ್ಲಿ ಕಬ್ಬಿಣದ ಮೇಲೆ, ಕಚ್ಚಾ ಕಬ್ಬಿಣ ಬೇಕಾದಷ್ಟು ಕಳ್ಸಿ, ಆದ್ರೆ ಉಕ್ಕಿನ ಕುಲುಮೆ ಹೊಸದಾಗಿ ಹಾಕ್ಬೇಡಿ.

ನ್ಯಾಯವಾಗಿ ಹೇಳ್ಬೇಕಂದ್ರೆ ಇದರಿಂದ ಕಾಲೊನಿಯೋರಿಗೆ ಲಾಭಾನೂ ಇತ್ತು. ಅಲ್ಲಿ ಕಟ್ಟಿದ ಹಡಗೂ ಇಂಗ್ಲಿಷ್ ಹಡಗು ಅಂತಾನೇ ಲೆಕ್ಕ, ಹಾಗಾಗಿ ಬಾಸ್ಟನ್ ಸುತ್ತಮುತ್ತಲಿನ ನ್ಯೂ ಇಂಗ್ಲೆಂಡಲ್ಲಿ ಹಡಗು ಕಟ್ಟೋ ಕೆಲಸ ಭರ್ಜರಿಯಾಗಿ ಬೆಳೀತು. ಅದಕ್ಕಿಂತ ದೊಡ್ಡ ವಿಷ್ಯ ಏನಪ್ಪಾ ಅಂದ್ರೆ ಈ ಕಾನೂನುಗಳಲ್ಲಿ ಜೇಬಿಗೆ ಚುಚ್ಚೋ ಭಾಗನ ಯಾರೂ ಸೀರಿಯಸ್ಸಾಗಿ ಜಾರಿ ಮಾಡ್ತಾನೇ ಇರ್ಲಿಲ್ಲ.

ಇಲ್ಲಿ ಕಾಕಂಬಿ ಬರುತ್ತೆ. ನಾನು ಮಂಡ್ಯದ ಕಡೆಯವನು, ಕಬ್ಬು ಅರೆಯೋ ಸೀಸನ್ನಲ್ಲಿ ಆ ಹುಳಿಹುಳಿ ವಾಸನೆ ಊರೆಲ್ಲಾ ಹರಡಿರುತ್ತೆ, ಅದಕ್ಕೋ ಏನೋ ಈ ಭಾಗ ಓದುವಾಗ ನಂಗೆ ವಿಪರೀತ ಆಸಕ್ತಿ. ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಬಹಳ ಅಗ್ಗಕ್ಕೆ ಸಿಗ್ತಿತ್ತು, ಯಾಕಂದ್ರೆ ಫ್ರಾನ್ಸಲ್ಲಿ ತಮ್ಮ ಬ್ರಾಂದಿ ವ್ಯಾಪಾರಕ್ಕೆ ಪೆಟ್ಟು ಬೀಳುತ್ತೆ ಅಂತ ಕಾಕಂಬಿಯಿಂದ ಇಳಿಸೋ ರಮ್ಮನ್ನ ದೂರ ಇಟ್ಟಿದ್ರು. ನ್ಯೂ ಇಂಗ್ಲೆಂಡಿನೋರು ತಮ್ಮ ಮೀನು, ಮರ, ಕುದುರೆ ಕೊಟ್ಟು ಆ ಕಾಕಂಬಿ ತಂದು ರಮ್ ಇಳಿಸ್ತಿದ್ರು. ಕೆರಿಬಿಯನ್ನಲ್ಲೇ ಇದ್ದ ಬ್ರಿಟಿಷ್ ದ್ವೀಪಗಳ ಸಕ್ಕರೆ ದೊರೆಗಳಿಗೆ ಹೊಟ್ಟೆಕಿಚ್ಚು, ಪಾರ್ಲಿಮೆಂಟಲ್ಲಿ ಅವರ ಮಾತು ಜೋರಾಗಿ ನಡೀತಿತ್ತು, 1733ರಲ್ಲಿ ವಿದೇಶಿ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಹಾಕ್ಸಿದ್ರು. ಕಟ್ಟಿದ್ರೆ ವ್ಯಾಪಾರಾನೇ ಮುಳುಗುತ್ತೆ. ಹಾಗಾಗಿ ಕಟ್ಲಿಲ್ಲ, ಕಸ್ಟಮ್ಸ್ ಅಧಿಕಾರಿ ಕೈ ಬೆಚ್ಚಗೆ ಮಾಡಿ ಮಾಲು ಇಳಿಸ್ಕೊಂಡ್ರು, ಮೂವತ್ತು ವರ್ಷ ಹೀಗೇ ನಡೀತು. ಈ ರಮ್ಮಲ್ಲಿ ಒಂದು ಭಾಗ ಆಫ್ರಿಕಾ ಕರಾವಳಿಗೆ ಹೋಗಿ ಅಲ್ಲಿ ಮನುಷ್ಯರನ್ನ ಕೊಂಡು ತರ್ತಿತ್ತು, ಆ ಕಾಕಂಬಿನೂ ಗುಲಾಮರ ಬೆವರೇ. ಮುಂದೆ ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಕೂಗಿದ ವ್ಯಾಪಾರಸ್ಥರ ದುಡ್ಡು ಎಲ್ಲಿಂದ ಬಂತು ಅನ್ನೋದನ್ನ ಬಿಟ್ಟು ಈ ಕತೆ ಹೇಳೋಕೆ ನಂಗೆ ಮನಸ್ಸಿಲ್ಲ.

1763ಕ್ಕೆ ಫ್ರೆಂಚರ ಜೊತೆ ಏಳು ವರ್ಷದ ಯುದ್ಧ ಮುಗೀತು, ಬ್ರಿಟನ್ ಗೆದ್ತು, ಆದ್ರೆ ಸಾಲ ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು. ಪ್ರಧಾನಿ ಗ್ರೆನ್‌ವಿಲ್ 1764ರಲ್ಲಿ ಸಕ್ಕರೆ ಕಾನೂನು ತಂದ, ಕಾಕಂಬಿ ಸುಂಕನ 6ರಿಂದ 3 ಪೆನ್ಸಿಗೆ ಇಳಿಸಿದ. ಇಳಿಸಿದ, ನೋಡಿ! ಆದ್ರೆ ಈ ಸಲ ನಿಜವಾಗ್ಲೂ ವಸೂಲಿ ಮಾಡ್ತೀವಿ ಅಂತ ಹೊರಟ್ರು. ನೌಕಾಪಡೆ ಹಡಗುಗಳು ಕರಾವಳಿ ಕಾವಲಿಗೆ ಬಂದ್ವು. ಸಿಕ್ಕಿಬಿದ್ದ ಮಾಲಿನ ಕೇಸು ಊರಿನ ಜ್ಯೂರಿ ಮುಂದೆ ಅಲ್ಲ, ಜ್ಯೂರಿನೇ ಇಲ್ಲದ ನೌಕಾ ಕೋರ್ಟಲ್ಲಿ ನಡೆಸ್ಬಹುದು, ಅದಕ್ಕಂತಾನೇ ದೂರದ ಹ್ಯಾಲಿಫ್ಯಾಕ್ಸಲ್ಲಿ ಒಂದು ಹೊಸ ಕೋರ್ಟು. ನಾನು ಕಳ್ಳಮಾಲು ತಂದಿಲ್ಲ ಅಂತ ಸಾಬೀತು ಮಾಡೋ ಹೊಣೆ ಹಡಗಿನ ಯಜಮಾನಂದು. ಜಪ್ತಿಯಾದ ಮಾಲಿನ ದುಡ್ಡಲ್ಲಿ ರಾಜನಿಗೆ, ಗವರ್ನರಿಗೆ, ಹಿಡಿದವನಿಗೆ ಅಂತ ಪಾಲು. ಹಿಡಿಯೋನಿಗೇ ಪಾಲು ಕೊಟ್ರೆ ಅವನು ಯಾರನ್ನ ಬಿಡ್ತಾನೆ? ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಏನು ಪ್ರಯೋಜನ ಅಂತ ನಮ್ಮಲ್ಲೂ ಹೇಳ್ತಾರಲ್ಲ, ಹಾಗೇ ಆಯ್ತು. ನನ್ನ ಪ್ರಕಾರ ದಂಗೆಯ ಬೇರು ಇರೋದು ಇಲ್ಲೇ, ಸುಂಕ ಎಷ್ಟು ಅನ್ನೋದರಲ್ಲಲ್ಲ, ವಸೂಲಿ ಮಾಡೋ ರೀತಿಯಲ್ಲಿ.

1765ರ ಸ್ಟಾಂಪ್ ಕಾನೂನು ಎಲ್ಲರಿಗೂ ಗೊತ್ತಿರೋದೇ, ಪೇಪರು, ಕೋರ್ಟಿನ ಕಾಗದ, ಇಸ್ಪೀಟ್ ಎಲೆ ಎಲ್ಲದಕ್ಕೂ ಸ್ಟಾಂಪು, ಜನ ಬೀದಿಗಿಳಿದ್ರು, ಮುಂದಿನ ವರ್ಷವೇ ವಾಪಸ್ ಹೋಯ್ತು. 1767ರಲ್ಲಿ ಖಜಾನೆ ಮಂತ್ರಿ ಟೌನ್‌ಶೆಂಡ್ ಬಂದು ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಹಾಕಿ ಬಾಸ್ಟನ್ನಲ್ಲೇ ಕಸ್ಟಮ್ಸ್ ಕಮಿಷನರುಗಳನ್ನ ಕೂರ್ಸಿದ. ಜನ ಬ್ರಿಟಿಷ್ ಮಾಲು ಬೇಡ ಅಂದ್ರು, ಹೆಂಗಸರು ಮನೇಲೇ ನೂಲು ತೆಗೆಯೋಕೆ ಕೂತ್ರು.

ಜಾನ್ ಹ್ಯಾನ್‌ಕಾಕ್ ಅನ್ನೋ ದೊಡ್ಡ ವ್ಯಾಪಾರಿಯ ಲಿಬರ್ಟಿ ಅನ್ನೋ ಹಡಗಿನ ಕತೆ ಕೇಳಿ. 1768ರ ಮೇ ತಿಂಗಳಲ್ಲಿ ಮಡೈರಾ ವೈನ್ ತಂತು, 25 ಪೀಪಾಯಿಗೆ ಸುಂಕ ಕಟ್ಟಿದ್ರು, ಇಷ್ಟು ದೊಡ್ಡ ಹಡಗಲ್ಲಿ ಬರೀ ಇಷ್ಟೇನಾ ಅಂತ ಕಸ್ಟಮ್ಸಿನೋರಿಗೆ ಅನುಮಾನ. ಜೂನಲ್ಲಿ ಹಡಗು ಜಪ್ತಿ ಮಾಡಿ ಯುದ್ಧನೌಕೆ ಪಕ್ಕಕ್ಕೆ ಎಳ್ಕೊಂಡು ಹೋದ್ರು, ದಡದಲ್ಲಿ ಜನ ಕಸ್ಟಮ್ಸಿನೋರನ್ನ ಅಟ್ಟಾಡಿಸಿ ಹೊಡೆದ್ರು, ಕಮಿಷನರುಗಳು ಬಂದರಿನ ಕೋಟೆಗೆ ಓಡಿದ್ರು, ಅಕ್ಟೋಬರಲ್ಲಿ ಊರೊಳಗೆ ಸೈನ್ಯ ಬಂತು. ಆ ಲಿಬರ್ಟಿನ ಕಸ್ಟಮ್ಸಿನೋರು ಕಳ್ಳಸಾಗಣೆ ಹಿಡಿಯೋ ಗಸ್ತು ಹಡಗು ಮಾಡ್ಕೊಂಡ್ರು, 1769ರಲ್ಲಿ ನ್ಯೂಪೋರ್ಟಿನ ಜನ ಅದಕ್ಕೆ ಬೆಂಕಿ ಇಟ್ರು. 1772ರಲ್ಲಿ ಗ್ಯಾಸ್ಪಿ ಅನ್ನೋ ಇನ್ನೊಂದು ಗಸ್ತು ಹಡಗೂ ಅದೇ ರೋಡ್ ಐಲೆಂಡಲ್ಲಿ ಭಸ್ಮ ಆಯ್ತು, ತನಿಖೆ ಆಯೋಗ ಕೂತ್ರೂ ಒಬ್ಬರ ಮೇಲೂ ಕೇಸು ನಿಲ್ಲಲಿಲ್ಲ. ಊರಿಗೆ ಊರೇ ಬಾಯಿ ಮುಚ್ಕೊಂಡಿತ್ತು.

ಸೈನ್ಯ ಬಂದಿದ್ದಕ್ಕೆ ಬೆಲೆ ತೆತ್ತಿದ್ದು 1770ರ ಮಾರ್ಚ್ 5ರ ರಾತ್ರಿ, ಬಾಸ್ಟನ್ ಬೀದಿಯಲ್ಲಿ ಗುಂಡು ಹಾರಿ ಐದು ಜನ ಸತ್ರು. ಅವತ್ತೇ ದಿನ ಲಂಡನ್ನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೌನ್‌ಶೆಂಡ್ ಸುಂಕಗಳನ್ನ ತೆಗೆಯೋಣ ಅಂತ ಪಾರ್ಲಿಮೆಂಟಲ್ಲಿ ಹೇಳ್ತಿದ್ದ. ಎಲ್ಲಾ ತೆಗೆದ್ರು, ಟೀ ಮೇಲಿನ 3 ಪೆನ್ಸ್ ಒಂದನ್ನ ಮಾತ್ರ, ತೆರಿಗೆ ಹಾಕೋ ಹಕ್ಕು ನಮ್ದೇ ಅಂತ ತೋರ್ಸೋಕೆ, ಹಾಗೇ ಇಟ್ಕೊಂಡ್ರು.

ಇಲ್ಲಿಗೆ ನಮ್ಮ ದೇಶ ಬರುತ್ತೆ. ಬಂಗಾಳನ ಹಿಂಡಿದ ಈಸ್ಟ್ ಇಂಡಿಯಾ ಕಂಪನಿ, 1770ರ ಭೀಕರ ಬರ ಆದ ಎರಡೇ ವರ್ಷಕ್ಕೆ ದಿವಾಳಿ ಅಂಚಿಗೆ ಬಂದಿತ್ತು, ಲಂಡನ್ ಗೋಡೌನಲ್ಲಿ ಚೀನಾದ ಟೀ ಕೊಳೀತಾ ಬಿದ್ದಿತ್ತು. 1773ರಲ್ಲಿ ಪಾರ್ಲಿಮೆಂಟು ಕಂಪನಿಗೆ ಸಾಲ ಕೊಡ್ತು, ನಾವು ಕಾಂಪಿಟಿಟಿವ್ ಪರೀಕ್ಷೆಗೆ ಬಾಯಿಪಾಠ ಮಾಡೋ ರೆಗ್ಯುಲೇಟಿಂಗ್ ಆಕ್ಟ್ ಆ ವರ್ಷದ್ದೇ, ಟೀ ಕಾನೂನೂ ಆ ವರ್ಷದ್ದೇ. ಕಂಪನಿ ಲಂಡನ್ನಿನ ಹರಾಜು ಬಿಟ್ಟು, ಅಲ್ಲಿನ ಸುಂಕ ವಾಪಸ್ ತಗೊಂಡು, ತಾನೇ ಆರಿಸಿದ ಏಜೆಂಟರ ಮೂಲಕ ಸೀದಾ ಅಮೆರಿಕದಲ್ಲಿ ಮಾರ್ಬಹುದು. ಆ 3 ಪೆನ್ಸೂ ತೆಗೀರಿ, ಇಲ್ಲಾಂದ್ರೆ ಅವರು ಟೀ ತಗೊಳಲ್ಲ ಅಂತ ಪಾರ್ಲಿಮೆಂಟಲ್ಲೇ ಡೌಡ್ಸ್‌ವೆಲ್ ಅನ್ನೋ ಸದಸ್ಯ ಎಚ್ಚರಿಸಿದ, ನಾರ್ತ್ ಕೇಳ್ಲಿಲ್ಲ. ಬಾಸ್ಟನ್ನಲ್ಲಿ ಏಜೆನ್ಸಿ ಸಿಕ್ಕಿದ್ದೋರಲ್ಲಿ ಗವರ್ನರ್ ಹಚಿನ್ಸನ್ನನ ಇಬ್ಬರು ಮಕ್ಕಳು! ಕಳ್ಳ ಟೀ ತರಿಸ್ತಿದ್ದ ವ್ಯಾಪಾರಿಗೂ ಹೊಟ್ಟೆಗೆ ಹೊಡೆತ, ಕಾನೂನು ಪ್ರಕಾರ ತರಿಸ್ತಿದ್ದ ವ್ಯಾಪಾರಿಗೂ ಹೊಡೆತ. ಇವತ್ತು ಟೀ, ನಾಳೆ ಇನ್ಯಾವ ಮಾಲೋ. ಬಂಗಾಳದಲ್ಲಿ ಈ ಕಂಪನಿ ಏನು ಮಾಡ್ತು ಅನ್ನೋದು ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್‌ಗೆ ಗೊತ್ತಿತ್ತು, ಆ ಬರದಲ್ಲಿ ಸತ್ತೋರ ವಿಷ್ಯ ಎತ್ತಿ, ನಮ್ಮನ್ನೂ ಇವರ ಕೈಗೆ ಕೊಡ್ತಾರೆ ಅಂತ ಬರೆದ. ಇದನ್ನ ಮೊದಲ ಸಲ ಓದಿದಾಗ ಮೈ ಜುಂ ಅಂತು ನಂಗೆ.

ಡಾರ್ಟ್‌ಮೌತ್ ಹಡಗು ಈ ಟೀ ಹೊತ್ಕೊಂಡು ನವೆಂಬರ್ 28ಕ್ಕೆ ಬಾಸ್ಟನ್ನಿಗೆ ಬಂತು. 20 ದಿನದೊಳಗೆ ಸುಂಕ ಕಟ್ದೇ ಇದ್ರೆ ಕಸ್ಟಮ್ಸ್ ಜಪ್ತಿ ಮಾಡುತ್ತೆ, ಜಪ್ತಿ ಆದ್ರೆ ಟೀ ಹೇಗೂ ಊರೊಳಗೆ ಬರುತ್ತೆ. ವಾಪಸ್ ಕಳ್ಸಿ ಅಂದ್ರೆ ಗವರ್ನರ್ ಪಾಸ್ ಕೊಡಲ್ಲ. ಕೊನೇ ದಿನಕ್ಕೆ ಮುಂಚಿನ ರಾತ್ರಿ, ಡಿಸೆಂಬರ್ 16, ಊರಿನ ಜನ ಮುಖಕ್ಕೆ ಮಸಿ ಬಳ್ಕೊಂಡು ಮೊಹಾಕ್ ಅನ್ನೋ ಅಲ್ಲಿನ ಮೂಲನಿವಾಸಿಗಳ ವೇಷದಲ್ಲಿ ಟೀ ತಂದಿದ್ದ ಮೂರು ಹಡಗು ಹತ್ತಿದ್ರು. 342 ಪೆಟ್ಟಿಗೆ, 9,659 ಪೌಂಡ್ ಬೆಲೆಯ ಮಾಲು. ನೀರು ಇಳಿದಿದ್ದ ಹೊತ್ತು, ಸುರಿದ ಟೀ ಮುಳುಗದೇ ಬಣವೆ ಥರ ಹಡಗಿನ ಪಕ್ಕ ಏಳ್ತಿತ್ತು, ಅದನ್ನ ತಳ್ಳಿ ಹರಡ್ಬೇಕಾಯ್ತು. ಬೇರೆ ಯಾವ ಮಾಲೂ ಮುಟ್ಲಿಲ್ಲ. ಕೋಟಿನೊಳಗೆ ಟೀ ತುಂಬ್ಕೊಂಡವನೊಬ್ಬನನ್ನ ಹಿಡ್ದು ಬಟ್ಟೆ ಕಿತ್ತು ಒದ್ದು ಕಳ್ಸಿದ್ರು.

ಇದಕ್ಕೆ ಶಿಕ್ಷೆ ಅಂತ ಪಾರ್ಲಿಮೆಂಟು 1774ರ ಜೂನ್ 1ರಿಂದ ಬಾಸ್ಟನ್ ಬಂದರು ಬಂದ್ ಮಾಡ್ತು. ಒಂದೂರಿನ ಹೊಟ್ಟೆ ಮೇಲೆ ಹೊಡೆದಿದ್ದು ನೋಡಿ ಉಳಿದ ಕಾಲೊನಿಗಳು ಅಕ್ಕಿ, ಹಿಟ್ಟು, ಕುರಿ ಕಳ್ಸಿದ್ವು, ಸೆಪ್ಟೆಂಬರಲ್ಲಿ ಫಿಲಡೆಲ್ಫಿಯಾದಲ್ಲಿ ಒಟ್ಟಿಗೆ ಕೂತ್ವು, 1775ರ ಏಪ್ರಿಲ್ಲಲ್ಲಿ ಲೆಕ್ಸಿಂಗ್ಟನ್ನಲ್ಲಿ ಗುಂಡು ಹಾರ್ತು. ಆ ಯುದ್ಧದಲ್ಲಿ, 1782ರ ಏಪ್ರಿಲ್ 8ರಂದು, ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಾಂಕ್ ಹಡಗನ್ನ ಸೋಲಿಸಿ ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಹೈದರಾಲಿನೇ, ಅದೇ ಕಂಪನಿ ಜೊತೆ ಆಗ ಯುದ್ಧದಲ್ಲಿದ್ದವನು, ಶ್ರೀರಂಗಪಟ್ಟಣದ ಹೆಸರು ಅಷ್ಟು ದೂರ ಹೋಗಿತ್ತು.

ಅಮೆರಿಕ ಕೈಬಿಟ್ಟು ಹೋದ ಮೇಲೆ, 1784ರಲ್ಲಿ, ಬ್ರಿಟನ್ನಿನ ಒಳಗೇ ಟೀ ಕಳ್ಳಸಾಗಣೆ ತಡೆಯೋಕಾಗದೇ ಪ್ರಧಾನಿ ಪಿಟ್ ಸುಂಕನ ಶೇಕಡ 119ರಿಂದ 12.5ಕ್ಕೆ ಇಳಿಸಿದ, ಕಳ್ಳ ಟೀ ವ್ಯಾಪಾರ ತಾನಾಗೇ ನೆಲಕಚ್ಚಿತು.