ಶ್ರೀರಂಗಪಟ್ಟಣಕ್ಕೆ ಹೊರಟಿದ್ರೆ ಹಳೇ ಟೋಪೋಶೀಟ್ ಒಂದು ಜೊತೇಲಿರ್ಲಿ

ಶ್ರೀರಂಗಪಟ್ಟಣ ಅಂದ್ರೆ ಎಲ್ರೂ ಹೊಡಿಯೋದು ಒಂದೇ ರೌಂಡು, ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ಸಂಜೆಗೆ ಬೃಂದಾವನ. ನಾವು ಈ ಸಲ ಸರ್ವೇ ಆಫ್ ಇಂಡಿಯಾದ ಹಳೇ ಟೋಪೋಶೀಟ್, ಅಂದ್ರೆ ಊರು, ಹೊಳೆ, ನಾಲೆ, ದಾರಿ ಎಲ್ಲಾ ವಿವರವಾಗಿ ತೋರಿಸೋ ನಕ್ಷೆ, ಕೈಯಲ್ಲಿ ಹಿಡ್ಕೊಂಡು ಊರು ಸುತ್ತಿದ್ವಿ. ಇದೇ ಥರ ಹೋಗ್ಬೇಕು ಅನ್ನೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಬೇಕಾಗಿರೋ ಶೀಟು 57 ಡಿ/11. ಮೈಸೂರು, ಶ್ರೀರಂಗಪಟ್ಟಣ, ಕೆಆರ್‌ಎಸ್ ಮೂರೂ ಇದೊಂದೇ ಹಾಳೇಲಿ ಬರ್ತಾವೆ. ಈಗ ಸಾರ್ವಜನಿಕರಿಗೆ ಅಂತ ಇರೋ ಓಪನ್ ಸೀರೀಸ್ ನಕ್ಷೆಗಳಲ್ಲಿ ಇದೇ ಜಾಗಕ್ಕೆ ಡಿ43ಡಬ್ಲ್ಯೂ11 ಅಂತ ನಂಬರು, ಸರ್ವೇ ಆಫ್ ಇಂಡಿಯಾದ ಪೋರ್ಟಲ್‌ನಲ್ಲಿ ನೋಡಿ. ಹಳೇದು ಇಂಚಿಗೆ ಒಂದು ಮೈಲಿ, ಹೊಸದು 1:50,000, ಅಂದ್ರೆ 2 ಸೆಂಟಿಮೀಟರ್‌ಗೆ 1 ಕಿಲೋಮೀಟರ್. ಟೆಕ್ಸಾಸ್ ಯೂನಿವರ್ಸಿಟಿ ಲೈಬ್ರರಿ ಸೈಟಲ್ಲಿ ಅಮೆರಿಕ ಸೈನ್ಯದವರು 1950ರ ದಶಕದಲ್ಲಿ ಮಾಡಿದ 1:2,50,000 ನಕ್ಷೆಗಳೂ ಫ್ರೀ ಸಿಗ್ತಾವೆ, ಆದ್ರೆ ಆ ಸ್ಕೇಲಲ್ಲಿ ಊರೊಳಗಿನ ವಿವರ ಏನೂ ಕಾಣಲ್ಲ. ಹುಡುಕುವಾಗ ಸೆರಿಂಗಪಟಂ ಅನ್ನೋ ಇಂಗ್ಲಿಷ್ ಕಾಲದ ಸ್ಪೆಲ್ಲಿಂಗ್ ಹಾಕಿ. 1799ರಲ್ಲಿ ಬ್ರಿಟಿಷರು ಟಿಪ್ಪು ಕೋಟೆಗೆ ಹಾಕಿದ ಮುತ್ತಿಗೆಯ ಪ್ಲಾನ್‌ಗಳ ಸ್ಕ್ಯಾನ್ ಕೂಡ ನೆಟ್ಟಲ್ಲಿದಾವೆ, ಒಂದು ಪ್ರಿಂಟ್ ತಗೊಳಿ, ಟೋಪೋಶೀಟ್ ಪಕ್ಕ ಇಟ್ಟು ನೋಡಿದಾಗ್ಲೇ ನಿಜವಾದ ಮಜಾ.

ನನ್ನ ಮಾತು ಕೇಳೋದಾದ್ರೆ ನಕ್ಷೇಲಿ ಮೊದಲು ನೀಲಿ ಗೆರೆ ನೋಡಿ, ಸ್ಮಾರಕಗಳನ್ನ ಆಮೇಲೆ ನೋಡಬಹುದು. ಈ ಊರಿನ ಕಥೆ ಇರೋದೇ ನೀರಲ್ಲಿ. ಕಾವೇರಿ ಎರಡಾಗಿ ಒಡೆದು ಮಧ್ಯ ದ್ವೀಪ, ದ್ವೀಪದ ಪಶ್ಚಿಮ ತುದೀಲಿ ಕೋಟೆ, ಪೂರ್ವಕ್ಕೆ ಗಂಜಾಂ, ಅದರಾಚೆ ಸಂಗಮ. ಬಂಗಾರದೊಡ್ಡಿ ನಾಲೆಯ ಗೆರೆ ಹಿಡ್ಕೊಂಡು ಬಂದ್ರೆ ಅದು ಮೇಲ್ಗಾಲುವೆಲಿ ನದಿಯನ್ನೇ ದಾಟಿ ದ್ವೀಪದೊಳಕ್ಕೆ ಬರೋದು ಕಾಣುತ್ತೆ, ಕಂಠೀರವ ನರಸರಾಜ ಒಡೆಯರ ಕಾಲದ ಕೆಲಸ ಅದು, ಇವತ್ತಿಗೂ ನೀರು ಹರೀತಿದೆ, ಅದನ್ನ ನೋಡೋಕೆ ಅಂತಾನೇ ಒಂದು ಬೆಳಗ್ಗೆ ಇಟ್ಕೊಳಿ. ರಂಗನತಿಟ್ಟಿನ ನಡುಗಡ್ಡೆಗಳೂ ಹಾಗೇ, ಅದೇ ಅರಸರ ಕಾಲದ ಒಡ್ಡಿನಿಂದ ಆದವು, ಹಕ್ಕಿಗಳು ಆಮೇಲೆ ಬಂದ್ವು, ಪಕ್ಷಿಧಾಮ ಅಂತ ಆಗಿದ್ದು 1940ರಲ್ಲಿ.

ಮುತ್ತಿಗೆ ವಿಷಯಕ್ಕೂ ನೀರೇ ಕಾರಣ. ಕೋಟೆಯ ನೈಋತ್ಯಕ್ಕೆ, ಹೊಳೆಯಾಚೆ, ಸುಲ್ತಾನ್‌ಪೇಟೆ ತೋಪು ಅಂತ ಇತ್ತು, ತೋಪಿನ ತುಂಬ ನಾಲೆಗಳು. 1799ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ರಾತ್ರಿ ಹೊತ್ತು ಅಲ್ಲಿ ನುಗ್ಗಿ ಕತ್ತಲಲ್ಲಿ ದಾರಿ ಸಿಗದೆ ಸೋತು ವಾಪಸ್ ಬಂದ. ಅದೇ ತೋಪಿನ ಕಡೆ ರಾತ್ರಿ ಹೋಗಿದ್ದ ಬ್ರಿಟಿಷ್ ಜನರಲ್ ಬೇರ್ಡ್‌ನ ಇನ್ನೊಂದು ತುಕಡಿ ಉಲ್ಟಾ ದಿಕ್ಕಲ್ಲಿ ಟಿಪ್ಪು ಸೈನ್ಯದ ಕಡೆಗೇ ನಡೀತಿದೆ ಅಂತ ನಕ್ಷತ್ರ ನೋಡಿ ಹೇಳಿದವನು ಆ ತುಕಡಿಯಲ್ಲಿದ್ದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ಮುಂದೆ 1802ರಲ್ಲಿ ಮದ್ರಾಸಲ್ಲಿ ಬೇಸ್‌ಲೈನ್ (ಲೆಕ್ಕಕ್ಕೆಲ್ಲ ಆಧಾರವಾಗೋ ಮೊದಲ ನೇರ ಗೆರೆ) ಅಳೆದು, ತ್ರಿಕೋನಗಳ ಲೆಕ್ಕದಿಂದ ದೇಶ ಅಳೆಯೋ ತ್ರಿಕೋನಮಿತಿ ಸರ್ವೇ ಶುರು ಮಾಡಿದ್ದೂ ಅವನೇ. ನಮ್ಮ ಕೈಲಿರೋ ಟೋಪೋಶೀಟಿನ ಬೇರು ಆ ಸರ್ವೇಲಿದೆ, ಆ ಸರ್ವೇ ಮಾಡಿದವನು ಇದೇ ನೆಲದಲ್ಲಿ ರಾತ್ರಿ ದಿಕ್ಕು ಹುಡುಕಿದ್ದ ಅಂತ ನೆನೆಸ್ಕೊಂಡ್ರೆ ನನಗಂತೂ ಮೈ ಜುಮ್ ಅನ್ನುತ್ತೆ.

ಆಮೇಲೆ 1907ರ ಒಬೆಲಿಸ್ಕ್ (ಮುತ್ತಿಗೆಯ ನೆನಪಿನ ಕಲ್ಲಿನ ಸ್ತಂಭ) ಹತ್ರ ಹೋಗಿ, ಕೋಟೆ ಗೋಡೆ ಒಡೆದ ಜಾಗ ಅಲ್ಲೇ. ಮೇ 4ಕ್ಕೆ ಬ್ರಿಟಿಷರು ಹೊಳೆ ದಾಟಿದ್ದು, ಮಳೆ ಬಂದು ಕಾವೇರಿ ತುಂಬಿದ್ರೆ ಆಟ ಮುಗೀತು ಅಂತ ಅವಸರ ಇತ್ತು. ಈಗ ನೀವು ಅಲ್ಲಿ ನೋಡೋ ನೀರು ಮಾತ್ರ ಆವತ್ತಿನ ಲೆಕ್ಕದ್ದಲ್ಲ, ಮೇಲೆ ಕೆಆರ್‌ಎಸ್ ಇದೆಯಲ್ಲ, ಬಿಟ್ಟಷ್ಟೇ ಬರುತ್ತೆ.

ರೈಲ್ವೆ ಗೆರೆ ಕೋಟೆ ಒಳಗೇ ಹಾದು ಹೋಗುತ್ತೆ, ಸ್ಟೇಷನ್ನೂ ಒಳಗೇ, ಹಾಗಾಗಿ ರೈಲಲ್ಲಿ ಬರೋದೇ ಬೆಸ್ಟು, ಆದ್ರೆ ಎಲ್ಲಾ ರೈಲೂ ನಿಲ್ಲಲ್ಲ, ಚೆಕ್ ಮಾಡ್ಕೊಳಿ. ಟಿಪ್ಪು ಕಾಲದ ಮದ್ದಿನಮನೆ ಒಂದನ್ನ ಡಬಲ್ ಲೈನ್‌ಗೋಸ್ಕರ 2017ರಲ್ಲಿ ಇಡೀ ಕಟ್ಟಡಾನೇ ಎತ್ತಿ ನೂರು ಮೀಟರ್‌ಗಿಂತ ದೂರ ಸರಿಸಿದ್ರು, ಹಳೇ ಪ್ಲಾನ್ ಜೊತೆ ತಾಳೆ ನೋಡುವಾಗ ಇದು ನೆನಪಿರ್ಲಿ. ಉತ್ತರದ ಕವಲಿಗೆ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲುಸೇತುವೆನೂ ಬಿಡಬೇಡಿ, ಕಮಾನೇ ಇಲ್ಲ, ಬರೀ ಕಲ್ಲುಕಂಬಗಳ ಮೇಲೆ ನಿಂತಿದೆ.

ಮೊಬೈಲಲ್ಲಿ ನೋಡೋ ಆಸೆ ಇದ್ರೆ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಜಿಯೋರೆಫರೆನ್ಸ್ ಮಾಡ್ಕೊಂಡು, ಅಂದ್ರೆ ಸ್ಕ್ಯಾನ್ ಮಾಡಿದ ನಕ್ಷೆಯನ್ನ ಸರಿಯಾದ ಅಕ್ಷಾಂಶ ರೇಖಾಂಶಕ್ಕೆ ಕೂರಿಸ್ಕೊಂಡು ಹೋಗಿ. ಹಳೇ ನಕ್ಷೆಗಳು ಎವರೆಸ್ಟ್ ಡೇಟಮ್ (ಅಕ್ಷಾಂಶ ರೇಖಾಂಶ ಎಣಿಸೋಕೆ ಇಟ್ಕೊಂಡ ಭೂಮಿಯ ಆಕಾರದ ಲೆಕ್ಕ) ಮೇಲಿದಾವೆ, ಜಿಪಿಎಸ್ ಡಬ್ಲ್ಯೂಜಿಎಸ್ 84 ಅನ್ನೋ ಬೇರೆ ಡೇಟಮ್ ಮೇಲೆ, ಅದನ್ನ ಸೆಟ್ ಮಾಡದೆ ಹಾಗೇ ಕೂರಿಸಿದ್ರೆ ಎಲ್ಲಾ ಪಕ್ಕಕ್ಕೆ ಸರಿದು ಕೂತ್ಕೊಳ್ಳುತ್ತೆ, ಗದ್ದೆ ಮಧ್ಯೆ ದೇವಸ್ಥಾನ ಹುಡುಕೋ ಹಾಗಾಗುತ್ತೆ.

ಟೈಮಿದ್ರೆ ಪಕ್ಕದ ಶೀಟು 57 ಡಿ/10 ಕೂಡ ಇಟ್ಕೊಳಿ, ಯಾಕಂದ್ರೆ ಪಾಂಡವಪುರ ಸರಿಯಾಗಿ ಅಂಚಿಗೆ ಬರುತ್ತೆ, ಹಳೇ ನಕ್ಷೇಲಿ ಅದರ ಹೆಸರು ಫ್ರೆಂಚ್ ರಾಕ್ಸ್, ಟಿಪ್ಪು ಹತ್ರ ಇದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ ಅಂತ. ಇನ್ನು 1911ಕ್ಕೆ ಡ್ಯಾಮ್ ಕೆಲಸ ಶುರು ಆಗೋಕೆ ಮುಂಚಿನ ಎಡಿಷನ್ ಎಲ್ಲಾದ್ರೂ ಸಿಕ್ಕಿದ್ರೆ ಅದರಲ್ಲಿ ಹೊಳೆ ದಂಡೇಲಿ ಕನ್ನಂಬಾಡಿ ಊರನ್ನ ಹುಡುಕಿ, ಆಮೇಲೆ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋಗಿ. ಮುಳುಗಿದ ದೇವಸ್ಥಾನದ ಕಲ್ಲುಗಳನ್ನ ಮೇಲೆ ತಂದು ಮತ್ತೆ ಜೋಡಿಸಿದ್ದು ಅದು. ಹಿನ್ನೀರಿನ ಪಕ್ಕ ನೆರಳು ಕಮ್ಮಿ, ಟೋಪಿ ನೀರು ಎರಡೂ ಇರ್ಲಿ, ಸಂಜೆ ನಾಲ್ಕರ ಮೇಲೆ ಹೋದ್ರೆ ಇನ್ನೂ ಒಳ್ಳೇದು.